ಏಳನೇ ನಂಬರಿನ ಬಾಟಲಿ

ಏಪ್ರಿಲ್ ೨೬

ಅಕ್ಕಾ,

ಸೆಲೂನಿನಲ್ಲಿ ಯಾರದೋ ತಲೆಗೆ ಬಣ್ಣ ಹಚ್ಚುತ್ತಾ ಇದನ್ನು ಓದುತ್ತಿದ್ದರೆ ಮೊದಲು ಕೈ ತೊಳೆದುಕೊಂಡು ಒಳಗೆ ಹೋಗಿ ಕೂತು ಓದು. ನಿನ್ನ ಕುರ್ಚಿಯಲ್ಲಿ ಕೂತವರ ಕಿವಿಗೆ ಬಿದ್ದದ್ದು ಸಂಜೆಯೊಳಗೆ ಎಲ್ಲರ ಬಾಯಲ್ಲಿರುತ್ತದೆ. ಫೋನ್ ಮಾಡಬಹುದಿತ್ತಲ್ಲ ಅನ್ನಬೇಡ. ಫೋನಿನಲ್ಲಿ ನೀನು ಮಾತಾಡುತ್ತೀಯ, ನಾನು ಕೇಳಿಸಿಕೊಳ್ಳುತ್ತೇನೆ. ಅದಕ್ಕೇ ಕಾಗದ.

ಬಾಟಲಿಗಳನ್ನು ಕಳಿಸಿಬಿಟ್ಟೆ. ಮಗಳು ಇರುವ ಊರಿನಲ್ಲಿ ಮುಂದಿನ ತಿಂಗಳು ಊಟ ಮತ್ತು ವೈನ್ ಮೇಳ ಇದೆಯಲ್ಲ, ಅಲ್ಲಿಗೆ. ಸುತ್ತಮುತ್ತಲಿನ ಸಣ್ಣ ತೋಟದವರೆಲ್ಲ ತಮ್ಮ ವೈನ್ ಕಳಿಸುತ್ತಾರೆ. ಬಾಟಲಿಗಳಿಗೆ ಉಣ್ಣೆಯ ಕಾಲುಚೀಲ ತೊಡಿಸಿ, ಕುತ್ತಿಗೆಗೆ ನಂಬರು ಕಟ್ಟಿ, ಉದ್ದನೆಯ ಮೇಜಿನ ಮೇಲೆ ಸಾಲಾಗಿ ನಿಲ್ಲಿಸುತ್ತಾರೆ. ಯಾವುದು ಯಾರದು ಅಂತ ಕುಡಿಯುವವರಿಗೆ ಗೊತ್ತಾಗುವುದಿಲ್ಲ. ಸಂಜೆ ಕಾಲುಚೀಲ ಬಿಚ್ಚುತ್ತಾರೆ. ನನ್ನದು ಏಳನೇ ನಂಬರು.

ಅವಳು ಪ್ರತಿ ವರ್ಷವೂ ಗೆಳೆಯರ ಜೊತೆ ಹೋಗುತ್ತಾಳೆ, ಈ ಸಲವೂ ಹೋಗುತ್ತಾಳೆ. ಅವಳ ಲೆಕ್ಕದಲ್ಲಿ ನಾನು ವೈನ್ ಮಾಡುವುದನ್ನು ಬಿಟ್ಟಾಗಿದೆ, ದ್ರಾಕ್ಷಿಯನ್ನೆಲ್ಲ ಕಾರ್ಖಾನೆಗೆ ಹಾಕುತ್ತಿದ್ದೇನೆ. ಹಾಕುತ್ತಿರುವುದು ನಿಜವೇ. ಒಂದು ಪೀಪಾಯಿಗೆ ಆಗುವಷ್ಟನ್ನು ಮಾತ್ರ ಉಳಿಸಿಕೊಂಡಿದ್ದೆ. ಅವಳ ಅಮ್ಮ ಇಲ್ಲದೆ ನಾನೊಬ್ಬನೇ ಮಾಡಿದ ಮೊದಲ ವೈನ್ ಅದು.

ಮಗಳಿಗೆ ಯಾಕೆ ಹೇಳಬಾರದು ಅಂತ ಕೇಳುತ್ತೀಯ. ಹೇಳಿದರೆ ಚೆನ್ನಾಗಿದೆ ಅನ್ನುತ್ತಾಳೆ. ನೀನೂ ಚೆನ್ನಾಗಿದೆ ಅಂದೆ, ಅಂಚೆಯವನೂ ಅಂದ. ಹೆಂಡತಿ ತೀರಿಕೊಂಡ ಗಂಡಸಿಗೆ ಎಲ್ಲರೂ ಎಲ್ಲವನ್ನೂ ಚೆನ್ನಾಗಿದೆ ಅನ್ನುತ್ತಾರೆ. ನನ್ನ ಮೂಗನ್ನು ನಾನೇ ನಂಬುವ ಹಾಗಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು.

ಅವಳಮ್ಮ ಹೇಗೆ ಮಾಡುತ್ತಿದ್ದಳು ನೆನಪಿದೆಯಾ? ಪೀಪಾಯಿಯಿಂದ ಒಂದು ಗುಟುಕು ಲೋಟಕ್ಕೆ ತೆಗೆದುಕೊಂಡು ಮೂಸಿ, ಬಾಯಲ್ಲಿ ಹೊರಳಿಸುತ್ತಿದ್ದಳು. ಕೆಟ್ಟಿದ್ದರೆ ಮೋರಿಗೆ. ಸರಿಯಾಗಿದ್ದರೆ ಒಂದು ಮಾತೂ ಆಡದೆ ಖಾಲಿ ಲೋಟವನ್ನು ಮತ್ತೆ ನನ್ನ ಮುಂದೆ ಹಿಡಿಯುತ್ತಿದ್ದಳು. ಚೆನ್ನಾಗಿದೆ ಅಂತ ಒಂದು ದಿನವೂ ಅಂದವಳಲ್ಲ. ಆ ಕೈ ಮುಂದೆ ಬಂದರೆ ನನಗೆ ಆ ವರ್ಷ ಗೆದ್ದ ಹಾಗೆ. ಮಗಳಿಗೆ ಬಂದಿರುವುದು ಅವಳದೇ ಮೂಗು.

ಕಾರ್ಖಾನೆಯವರು ಈಗ ದ್ರಾಕ್ಷಿಯಲ್ಲ, ತೋಟವನ್ನೇ ಕೇಳುತ್ತಿದ್ದಾರೆ. ಹಳೇ ಬಳ್ಳಿ ಕಿತ್ತು ತಮ್ಮ ತಳಿ ನೆಡುತ್ತಾರಂತೆ. ಮೇಳ ಮುಗಿಯಲಿ, ಹೇಳುತ್ತೇನೆ ಅಂದಿದ್ದೇನೆ. ವೈನ್ ಬಾಯಿಗೆ ಇಡುವ ಹಾಗಿದ್ದರೆ ಬಳ್ಳಿ ಉಳಿಯುತ್ತದೆ. ಇಲ್ಲವಾದರೆ ಈ ಸುಗ್ಗಿಯೇ ಕಡೆ. ಅಳೆದೂ ಸುರಿದೂ ಸಾಕಾಗಿದೆ ಅಕ್ಕಾ.

ಬಾಯಿಗೆ ಬೀಗ ಹಾಕಿಕೋ.

ನಿನ್ನ ತಮ್ಮ


ಮೇ ೧೩

ಪ್ರೀತಿಯ ಅಪ್ಪ,

ನಿನ್ನೆ ಮೇಳಕ್ಕೆ ಹೋಗಿದ್ದೆವು, ಇವತ್ತು ತಲೆ ಕಲ್ಲುಗುಂಡು. ಹಲ್ಲಿನ ಸೆಟ್ ಮಾಡುವ ನಮ್ಮ ಲ್ಯಾಬಿನಲ್ಲಿ ಯಾರದೋ ಕೆಳ ದವಡೆಯ ಅಚ್ಚಿಗೆ ಮೇಲಿನ ಹಲ್ಲುಗಳನ್ನು ಜೋಡಿಸಿ ಅಚ್ಚುಕಟ್ಟಾಗಿ ಪಾಲಿಶ್ ಮಾಡಿ ಇಟ್ಟಿದ್ದೆ. ನಮ್ಮ ಯಜಮಾನರು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿ, "ಇವ್ರು ತಲೆಕೆಳಗಾಗಿ ನಿಂತ್ಕೊಂಡು ಊಟ ಮಾಡ್ತಾರೇನಮ್ಮ?" ಅಂದರು.

ನಮ್ಮ ತಂಡ ನಿನಗೆ ಗೊತ್ತೇ ಇದೆ. ನಾನು, ಸಿಟಿ ಬಸ್ ಓಡಿಸುವ ನನ್ನ ರೂಮ್‌ಮೇಟ್ ಡ್ರೈವರಮ್ಮ, ಮಕ್ಕಳಿಗೆ ಈಜು ಕಲಿಸುವ ಮೇಷ್ಟ್ರು. ಮೇಷ್ಟ್ರು ಈ ಸಲ ವೈನ್ ರುಚಿ ನೋಡುವುದು ಹೇಗೆ ಅಂತ ಎಲ್ಲೋ ಓದಿಕೊಂಡು ಬಂದಿದ್ದರು. ಒಂದನೇ ನಂಬರು ಮೂಸಿ ಕಣ್ಣು ಮುಚ್ಚಿ, "ಒದ್ದೆ ಕಲ್ಲಿನ ಪರಿಮಳ ಇದೆ" ಅಂದರು. ಎರಡನೆಯದಕ್ಕೂ ಒದ್ದೆ ಕಲ್ಲು. ಮೂರನೆಯದಕ್ಕೂ ಅದೇ. ಡ್ರೈವರಮ್ಮ ತಡೆಯಲಾರದೆ, "ಮೇಷ್ಟ್ರೇ, ನೀವು ಇಡೀ ದಿನ ಈಜುಕೊಳದ ಕಟ್ಟೆ ಮೇಲೆ ಕೂತಿರ್ತೀರ, ಆ ವಾಸನೆ ನಿಮ್ಮದೇ ಇರಬೇಕು" ಅಂದಳು.

ಅಲ್ಲಿ ಒಂದು ಪದ್ಧತಿ ಇದೆ, ನಿನಗೆ ಗೊತ್ತಿರಬಹುದು. ಬಾಯಲ್ಲಿ ಹೊರಳಿಸಿದ್ದನ್ನು ನುಂಗಬಾರದು, ಮೇಜಿನ ಪಕ್ಕದ ಬಕೆಟ್ಟಿಗೆ ಉಗುಳಬೇಕು. ಇಲ್ಲದಿದ್ದರೆ ಸಾಲಿನ ತುದಿ ತಲುಪುವ ಹೊತ್ತಿಗೆ ನಾವೇ ಸಾಲಾಗಿ ಮಲಗಿರುತ್ತೇವೆ. ಮೇಷ್ಟ್ರಿಗೆ ಮಾತ್ರ ಉಗುಳಲು ಬಾರದು. "ನೀರಲ್ಲಿ ಉಗುಳ್ಬೇಡ್ರೋ ಅಂತ ದಿನಾ ಮಕ್ಕಳ ಮೇಲೆ ಕೂಗೋನು ನಾನು. ಯಾರಾದ್ರೂ ನನ್ನ ಸ್ಟೂಡೆಂಟು ನೋಡಿದ್ರೆ?" ಅಂತ ಎಲ್ಲವನ್ನೂ ನುಂಗಿದರು. ಐದನೇ ನಂಬರಿಗೆ ಮೂಗು ಕೆಂಪಾಯಿತು, ಆರಕ್ಕೆ ಕಿವಿ.

ಆಮೇಲೆ ಬಂತು ನೋಡು ಏಳನೇ ನಂಬರು.

ಅಪ್ಪಾ, ಲೋಟ ಇನ್ನೂ ಎದೆಯ ಹತ್ತಿರ ಇತ್ತು, ವಾಸನೆ ಆಗಲೇ ಮೂಗಿಗೆ ಹೊಡೆಯಿತು. ಕೊಳೆತ ಮೊಟ್ಟೆ! ಡ್ರೈವರಮ್ಮ, "ಕಡೇ ಟ್ರಿಪ್ಪಲ್ಲಿ ಹಿಂದಿನ ಸೀಟಲ್ಲಿ ಯಾರೋ ಶೂ ಬಿಚ್ಚಿದಾರೆ ಕಣೇ" ಅಂದಳು. ಅಷ್ಟರಲ್ಲಿ ಮೇಷ್ಟ್ರು ಬಾಯಿ ತುಂಬ ತುಂಬಿಕೊಂಡಾಗಿತ್ತು. ಉಗುಳಲೂ ಆಗದೆ ನುಂಗಲೂ ಆಗದೆ ಅಂತಾರಲ್ಲ, ಅದನ್ನು ನಾನು ಕಣ್ಣಾರೆ ನೋಡಿದ್ದು ನಿನ್ನೆಯೇ. ಕೆನ್ನೆ ಉಬ್ಬಿಸಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು ನಮ್ಮಿಬ್ಬರ ಮುಖವನ್ನೂ ನೋಡುತ್ತಾ ನಿಂತುಬಿಟ್ಟರು. ಕೊನೆಗೆ ಬಕೆಟ್ಟಿಗೆ ಓಡಿದರು. ಅವರ ಜೀವಮಾನದ ಮೊದಲ ಉಗುಳು!

ಡ್ರೈವರಮ್ಮ ಸುಮ್ಮನಿರುವವಳೇ? ಬಾಟಲಿಯ ಕಾಲುಚೀಲ ಹಿಡಿದೆಳೆದು, "ಇದನ್ನ ಮಾಡಿದೋನಿಗೆ ಹೆಂಡ್ತಿ ಇಲ್ವೇನೇ? ಒಂದ್ಸಲ ಮೂಸಿ ನೋಡಿ ಥೂ ಅನ್ನೋಕೆ?" ಅಂದಳು. ಪಕ್ಕದ ಮೇಜಿನವರೂ ನಕ್ಕರು. ನಾನಂತೂ ಬಿದ್ದು ಬಿದ್ದು ನಕ್ಕೆ.

ಪ್ರತಿ ಬಾಟಲಿಯ ಮುಂದೆ ಒಂದು ಗಾಜಿನ ಜಾಡಿ ಇಟ್ಟಿರುತ್ತಾರೆ. ಇಷ್ಟವಾದ ವೈನಿನ ಜಾಡಿಗೆ ಒಂದು ಬಿರಡೆ ಹಾಕಬೇಕು. ಏಳನೆಯ ಜಾಡಿಯಲ್ಲಿ ಒಂದು ಬಿರಡೆಯೂ ಇರಲಿಲ್ಲ. ಡ್ರೈವರಮ್ಮ ತನ್ನ ಪರ್ಸಿನಿಂದ ಪೆಪ್ಪರ್‌ಮಿಂಟ್ ತೆಗೆದು ಅದರೊಳಗೆ ಹಾಕಿ, "ಬೇಗ ಹುಷಾರಾಗಪ್ಪ" ಅಂತ ಬಾಟಲಿಯ ಬೆನ್ನು ತಟ್ಟಿ ಬಂದಳು.

ಆಮೇಲೆ ಬ್ರೆಡ್ಡು, ಚೀಸು, ಹುರಿದ ಬೀಜ ತಿನ್ನುತ್ತಾ ಹುಲ್ಲಿನ ಮೇಲೆ ಕೂತೆವು. ಅವಳಿಗೆ ಸಂಜೆ ಡ್ಯೂಟಿ ಇತ್ತು, ಅದಕ್ಕೇ ಕಾಲುಚೀಲ ಬಿಚ್ಚುವವರೆಗೆ ನಿಲ್ಲಲಿಲ್ಲ. (ಹೆದರಬೇಡ, ಅವಳು ಪ್ರತಿಯೊಂದನ್ನೂ ಬಕೆಟ್ಟಿಗೇ ಉಗುಳಿದ್ದಳು.)

ಒಂದು ಮಾತು ಹೇಳಲಾ? ಆ ಏಳನೇ ನಂಬರಿನಂಥವರು ನಾಚಿಕೆಯಿಲ್ಲದೆ ವೈನ್ ಮಾಡಿ ಮೇಳಕ್ಕೆ ಕಳಿಸುತ್ತಾರೆ, ನೀನು ಬಿಟ್ಟು ಸುಮ್ಮನೆ ಕೂತಿದ್ದೀಯಲ್ಲ ಅಂತ ನನಗೆ ಅಲ್ಲೇ ಸಿಟ್ಟು ಬಂತು. ಅಮ್ಮ ಇದ್ದಿದ್ದರೆ ಬಿಡುತ್ತಿದ್ದಳಾ?

ನಿನ್ನ ಚಿನಕುರಳಿ


ಮೇ ೨೧

ಚಿನಕುರಳಿ,

ಕಾಗದ ಬಂತು. ಎರಡು ಸಲ ಓದಿದೆ. ಮೇಷ್ಟ್ರ ಅವಸ್ಥೆ ಓದಿ ನಗು ಬಂತು.

ಇಲ್ಲಿ ಪಂಪು ಮತ್ತೆ ಕೆಟ್ಟಿತ್ತು, ಸರಿ ಮಾಡಿಸಿದೆ. ಬಳ್ಳಿ ಹೂ ಬಿಡುವುದಕ್ಕೆ ಶುರುವಾಗಿದೆ.

ಸುಮ್ಮನೆ ಕುತೂಹಲಕ್ಕೆ ಕೇಳುತ್ತಿದ್ದೇನೆ. ಆ ಏಳನೆಯದು ಕೊಳೆತ ಮೊಟ್ಟೆ ಅಂದೆಯಲ್ಲ, ಅದು ಮೂಗಿಗೆ ಮಾತ್ರವೋ, ನಾಲಿಗೆಯಲ್ಲೂ ಇತ್ತೋ? ಲೋಟದಲ್ಲಿ ಸ್ವಲ್ಪ ಹೊತ್ತು ಬಿಟ್ಟ ಮೇಲೆ ಕಡಿಮೆಯಾಯಿತೋ? ಹುಳಿ ಹೇಗಿತ್ತು? ನೆನಪಿಲ್ಲದಿದ್ದರೆ ಬಿಡು. ಯಾರೋ ಏನೋ ಮಾಡಿದ್ದು, ನನಗ್ಯಾಕೆ.

ತೋಟವನ್ನು ಕಾರ್ಖಾನೆಯವರಿಗೆ ಕೊಟ್ಟುಬಿಡುವ ಅಂದಾಜಿದೆ. ಸುಗ್ಗಿ ಮುಗಿದ ಮೇಲೆ ಬಳ್ಳಿ ಕೀಳುತ್ತಾರೆ. ನನಗೂ ಮಂಡಿ ನೋವು. ನೀನು ತಲೆ ಕೆಡಿಸಿಕೊಳ್ಳಬೇಡ.

ನಿನ್ನ ಗೆಳತಿಗೆ ಕೇಳಿದೆ ಅಂತ ಹೇಳು. ಚುರುಕು ಹುಡುಗಿ.

ಅಪ್ಪ


ಮೇ ೩೦

ಅಪ್ಪ,

ಪಂಪು ಕೆಟ್ಟಿತ್ತು, ಬಳ್ಳಿ ಹೂ ಬಿಟ್ಟಿದೆ, ಬಳ್ಳಿ ಕೀಳಿಸುತ್ತೇನೆ. ಹೀಗೆ ಬರೆಯುತ್ತಾರಾ ಯಾರಾದರೂ? ಮಂಡಿ ನೋವಂತೆ! ಮಂಡಿ ನೋವು ನೀನು ನನ್ನನ್ನು ಸೈಕಲ್ಲಿನ ಮೇಲೆ ಶಾಲೆಗೆ ಬಿಡುತ್ತಿದ್ದಾಗಲೇ ಇತ್ತು. ಆ ಬಳ್ಳಿಗಳಲ್ಲಿ ಅರ್ಧ ಅಮ್ಮ ನೆಟ್ಟದ್ದು. ಇಷ್ಟು ದಿನ ಇಲ್ಲದ್ದು ಈಗ ಯಾರ ಮಾತು ಕೇಳಿ ಈ ತೀರ್ಮಾನ ಮಾಡಿದೆ? ಅತ್ತೆಯೇನಾದರೂ ಹೇಳಿದಳಾ? ಯಾರು ಹೇಳಿದ್ದು ಅಂತ ಹೇಳು, ಅವರ ಜೊತೆ ನಾನು ಮಾತಾಡುತ್ತೇನೆ.

ಸರಿ. ನೀನು ಕೇಳಿದ್ದಕ್ಕೆ ಉತ್ತರ.

ವಾಸನೆ ಮೂಗಿಗೆ ಮಾತ್ರ. ಅದರಲ್ಲಿ ಒಂದು ಕಥೆ ಇದೆ, ಹೋದ ಕಾಗದದಲ್ಲಿ ಬರೆಯಲಿಲ್ಲ. ಬರೆದರೆ ತಮಾಷೆ ಕೆಟ್ಟುಹೋಗುತ್ತದೆ ಅಂತ ಬಿಟ್ಟಿದ್ದೆ. ಮೇಜಿನ ಹಿಂದೆ ನಿಂತು ವೈನ್ ಸುರಿಯುತ್ತಿದ್ದ ಹೆಂಗಸು ನಮ್ಮ ನಗು ಮುಗಿಯುವವರೆಗೆ ಕಾದಳು. ಆಮೇಲೆ ಏಪ್ರನ್ನಿನ ಜೇಬಿನಿಂದ ಒಂದು ತಾಮ್ರದ ನಾಣ್ಯ ತೆಗೆದು, ಚೆನ್ನಾಗಿ ತೊಳೆದು ಒರೆಸಿ, ನನ್ನ ಲೋಟಕ್ಕೆ ಹಾಕಿ ಅಲ್ಲಾಡಿಸಿದಳು. "ಈಗ ನೋಡಮ್ಮ" ಅಂದಳು. ಮೊಟ್ಟೆ ಮಾಯ!

ನಾನು ಬಾಯಿ ಬಿಟ್ಟು ನೋಡಿದೆ. ಅವಳು ಹೇಳಿದ್ದು ಇಷ್ಟು: "ಪೀಪಾಯಿ ತಳದಲ್ಲಿ ಗಸಿ ನಿಲ್ಲುತ್ತಲ್ಲ, ಅದರ ಮೇಲೆ ತುಂಬಾ ದಿನ ಬಿಟ್ಟುಬಿಟ್ಟಿದಾರೆ. ಬೇಗ ತಿಳಿ ಇಳಿಸಿ ಬೇರೆ ಪೀಪಾಯಿಗೆ ಹಾಕಿದ್ರೆ ಹಿಂಗಾಗ್ತಿರಲಿಲ್ಲ. ಹಣ್ಣಿಂದೇನೂ ತಪ್ಪಿಲ್ಲ." ಆಮೇಲೆ ಕುಡಿದೆ. ಹುಳಿ ಹದವಾಗಿತ್ತು. ಕೊನೆಗೆ ನಾಲಿಗೆಯ ಮೇಲೆ ಏನೋ ಉಳಿಯಿತು, ತುಂಬ ಗೊತ್ತಿದ್ದದ್ದು. ನನ್ನದೇ ಹಳೇ ಸ್ವೆಟರನ್ನು ಬೇರೆ ಯಾರೋ ಹಾಕಿಕೊಂಡು ಎದುರಿಗೆ ಬಂದ ಹಾಗೆ. ಏನು ಅಂತ ಯೋಚಿಸುವಷ್ಟರಲ್ಲಿ ಡ್ರೈವರಮ್ಮ ಎಂಟನೇ ನಂಬರಿಗೆ ಎಳೆದುಕೊಂಡು ಹೋದಳು.

ನಿನಗೆ ಆ ವೈನಿನ ಮೇಲೆ ಇರುವ ಕಾಳಜಿ ನಿನ್ನ ಬಳ್ಳಿಗಳ ಮೇಲೆ ಇಲ್ಲವಲ್ಲ ಅಪ್ಪ.

ನಿನ್ನ ಮಗಳು


ಜೂನ್ ೯

ಚಿನಕುರಳಿ,

ನಿನ್ನ ಅಪ್ಪ ಬಾಯಿಗೆ ಬೀಗ ಹಾಕಿಕೋ ಅಂದಿದ್ದ. ಇಷ್ಟು ದಿನ ಹಾಕಿಕೊಂಡಿದ್ದೇ ಹೆಚ್ಚು. ನನ್ನ ಸೆಲೂನಿನಲ್ಲಿ ಗಿರಾಕಿಗಳು, "ಏನಕ್ಕ, ಹುಷಾರಿಲ್ವಾ?" ಅಂತ ಕೇಳುವುದಕ್ಕೆ ಶುರು ಮಾಡಿದ್ದಾರೆ. ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. ಏಳನೇ ನಂಬರು ನಿನ್ನ ಅಪ್ಪನದು.

ಕೂತುಕೋ. ನೀರು ಕುಡಿ. ಆಮೇಲೆ ಮುಂದಕ್ಕೆ ಓದು.

ಒಂದು ಪೀಪಾಯಿ ಗುಟ್ಟಾಗಿ ಮಾಡಿದ್ದ. ನೀನು ಯಾರದು ಅಂತ ಗೊತ್ತಿಲ್ಲದೆ ಕುಡಿದು ನಿಜ ಹೇಳಬೇಕು ಅಂತ ಆ ಮೇಳಕ್ಕೆ ಕಳಿಸಿದ್ದ. ಚೆನ್ನಾಗಿದ್ದರೆ ಬಳ್ಳಿ ಉಳಿಸುತ್ತೇನೆ, ಇಲ್ಲದಿದ್ದರೆ ಕೊಟ್ಟುಬಿಡುತ್ತೇನೆ ಅಂತ ಲೆಕ್ಕ ಹಾಕಿಕೊಂಡಿದ್ದ. ಯಾರ ಮಾತು ಕೇಳಿ ತೀರ್ಮಾನ ಮಾಡಿದೆ ಅಂತ ಕೇಳಿದೆಯಂತಲ್ಲ. ನಿನ್ನ ಮಾತು ಕೇಳಿಯೇ.

ಭಾನುವಾರ ಅವನನ್ನು ನೋಡಲು ಹೋಗಿದ್ದೆ. ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು, ಉಳಿದ ಬಾಟಲಿಗಳನ್ನು ಒಂದೊಂದೇ ತೆರೆದು ಮೋರಿಗೆ ಸುರಿಯುತ್ತಿದ್ದ. ನಿನ್ನ ಕಾಗದ ಅಂಗಿಯ ಜೇಬಿನಲ್ಲಿತ್ತು. ತೆಗೆದು ನನಗೆ ಓದಿ ಹೇಳಿದ. ಮೇಷ್ಟ್ರದು ಓದಿ ನಕ್ಕ, ನಾನೂ ನಕ್ಕೆ. ಹೆಂಡತಿ ಇಲ್ವೇನೇ ಅಂದಳಲ್ಲ ಆ ಬಸ್ಸಿನವಳು, ಅದನ್ನೂ ನಗುತ್ತಲೇ ಓದಿದ. "ನಿಜ ಅಲ್ವೇನಕ್ಕ?" ಅಂದ. ಆಮೇಲೆ ಮುಖ ತೊಳೆದು ಬರುತ್ತೇನೆ ಅಂತ ದ್ರಾಕ್ಷಿ ಹಿಂಡುವ ಕೋಣೆಯ ಹಿಂದೆ ಹೋದವನು ಎಷ್ಟು ಹೊತ್ತಾದರೂ ಬರಲಿಲ್ಲ. ನಾನೂ ಹೋಗಿ ಕರೆಯಲಿಲ್ಲ.

ನಿನ್ನ ಮೇಲೆ ನನಗೆ ಸಿಟ್ಟಿದೆಯೋ ಅಂದರೆ ಇದೆ. ಅದರಲ್ಲಿ ನ್ಯಾಯ ಇದೆಯೋ ಅಂದರೆ ಇಲ್ಲ. ಗೊತ್ತಿಲ್ಲದೆ ಆಡಿದ ಮಾತು, ಅವನೇ ಕೇಳಿ ಪಡೆದದ್ದು. ಈಗ ಹೆದರಿಕೊಂಡು "ಅಷ್ಟೇನೂ ಕೆಟ್ಟಿರಲಿಲ್ಲಪ್ಪ" ಅಂತ ಮಾತ್ರ ಬರೆಯಬೇಡ. ಆ ಕೆಲಸವನ್ನು ನಾನು ಮಾಡಿ ಆಗಿದೆ. ಅವನೆದುರು ಚೆನ್ನಾಗಿದೆ ಕಣೋ ಅಂತ ಕುಡಿದು, ಮನೆಗೆ ಬಂದು ಬಾಯಿ ಮುಕ್ಕಳಿಸಿದವಳು ನಾನು. ಅವತ್ತೇ ನಾರುತ್ತಿದೆ ಅಂದಿದ್ದರೆ ಅದು ಮೇಳದವರೆಗೆ ಬರುತ್ತಿರಲಿಲ್ಲ.

ಕೂದಲು ಕತ್ತರಿಸಿಕೊಳ್ಳಲು ಹೊರಗೆ ಎಲ್ಲೂ ಹೋಗಬೇಡ, ಹೋದ ಸಲ ಯಾರೋ ಹಾಳು ಮಾಡಿದ್ದರು.

ನಿನ್ನ ಅತ್ತೆ


ಜೂನ್ ೧೫

ಅಪ್ಪ,

ಅತ್ತೆ ಬರೆದಳು. ಅವಳನ್ನು ಬೈಯಬೇಡ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ಅಮ್ಮ ನನಗೆ ಹೇಳಿ ಹೇಳಿ ಸಾಕಾಗಿದ್ದಳು. ಕಾಗದ ಬರೆಯುವುದು, ಹರಿಯುವುದು, ಇದೇ ಆಗಿದೆ ಈ ವಾರವೆಲ್ಲ. ನೀನು ಆ ಕಾಗದವನ್ನು ಜೇಬಿನಲ್ಲಿ ಇಟ್ಟುಕೊಂಡು ಓಡಾಡಿದೆ, ಆಮೇಲೆ ಕೂತು ನನಗೆ "ಹುಳಿ ಹೇಗಿತ್ತು" ಅಂತ ಬರೆದೆ, ಗೆಳತಿಗೆ ಕೇಳಿದೆ ಅಂತ ಹೇಳು ಅಂದೆ. ಇದನ್ನು ನೆನೆಸಿಕೊಂಡರೆ ಅಳು ನಿಲ್ಲುವುದಿಲ್ಲ. ಲ್ಯಾಬಿನಲ್ಲಿ ಪ್ಲಾಸ್ಟರಿನ ಧೂಳು ಕಣ್ಣಿಗೆ ಬಿತ್ತು ಅಂತ ಹೇಳಿ ತಪ್ಪಿಸಿಕೊಂಡೆ.

ಆದರೆ ಸುಳ್ಳು ಹೇಳುವುದಿಲ್ಲ. ನಾರುತ್ತಿತ್ತು ಅಪ್ಪ. ಆ ಮಾತನ್ನು ವಾಪಸ್ ತೆಗೆದುಕೊಂಡರೆ ಇನ್ನು ಮೇಲೆ ನೀನು ನನ್ನ ಯಾವ ಮಾತನ್ನೂ ನಂಬುವುದಿಲ್ಲ. ನಕ್ಕದ್ದನ್ನು ವಾಪಸ್ ತೆಗೆದುಕೊಳ್ಳುತ್ತೇನೆ.

ನಾಣ್ಯ ಹಾಕಿದ ಮೇಲೆ ಆ ಹೆಂಗಸು ಹೇಳಿದ್ದೂ ಅಷ್ಟೇ ನಿಜ. ಹಣ್ಣಿನದೇನೂ ತಪ್ಪಿಲ್ಲ. ಆ ಸ್ವೆಟರು ಯಾವುದು ಅಂತ ಈಗ ಗೊತ್ತಾಯಿತು. ನಮ್ಮ ಹಿಂಡುವ ಕೋಣೆ, ಸಂಜೆ ನೆಲ ತೊಳೆದ ಮೇಲೆ ಬರುವ ಘಮ. ಮೂಗಿನ ಕೆಳಗೇ ಇದ್ದದ್ದು ಗೊತ್ತಾಗಲಿಲ್ಲವಲ್ಲ ನನಗೆ.

ಒಂದು ಕೇಳಬೇಕು. ಗಸಿಯಿಂದ ಯಾವಾಗ ಇಳಿಸಬೇಕು ಅಂತ ನಿನಗೆ ಗೊತ್ತಿಲ್ಲದ ವಿಷಯವಲ್ಲ. ನಾನು ಹುಟ್ಟುವ ಮೊದಲಿನಿಂದ ಮಾಡುತ್ತಿದ್ದೀಯ. ಯಾಕೆ ಹಾಗೇ ಬಿಟ್ಟೆ?

ಕಾರ್ಖಾನೆಯವರಿಗೆ ಈಗಲೇ ಏನೂ ಹೇಳಬೇಡ. ಒಂದು ವರ್ಷ ಕೊಡು. ಸುಗ್ಗಿಗೆ ನಾನು ಬರುತ್ತೇನೆ, ರಜ ಹೇಳಿದ್ದೇನೆ. ಯಜಮಾನರು ಹಲ್ಲು ಕಚ್ಚಿಕೊಂಡು ಒಪ್ಪಿದರು.

ನಿನ್ನ ಚಿನಕುರಳಿ


ಜೂನ್ ೨೮

ಚಿನಕುರಳಿ,

ಯಾಕೆ ಬಿಟ್ಟೆ ಅಂತ ನನಗೂ ಈಗಲೇ ಹೊಳೆಯುತ್ತಿರುವುದು.

ಪ್ರತಿ ವರ್ಷ ನಿನ್ನ ಅಮ್ಮ ಒಂದು ದಿನ ತಿಂಡಿ ಆದ ಮೇಲೆ ಲೋಟ ಹಿಡಿದುಕೊಂಡು ಕೆಳಗೆ ಬರುತ್ತಿದ್ದಳು. ಮೂಸಿ ನೋಡಿ "ಸಾಕು, ಇಳಿಸಿ" ಅನ್ನುತ್ತಿದ್ದಳು. ನಾನು ಕೊಳವೆ ಜೋಡಿಸಿ ಇಳಿಸುತ್ತಿದ್ದೆ. ಯಾವ ದಿನ ಅಂತ ನಾನು ಒಂದು ಸಲವೂ ಯೋಚಿಸಿದವನಲ್ಲ. ಹೋದ ವರ್ಷ ಕೊಳವೆ ತೊಳೆದು ಇಟ್ಟುಕೊಂಡೆ. ಇವತ್ತು ಬೇಡ, ನಾಳೆ ನೋಡೋಣ ಅಂದುಕೊಂಡೆ. ಮಾರನೇ ದಿನವೂ ಹಾಗೇ. ತಿಂಡಿ ಆದ ಮೇಲೆ ಹೋಗಿ ಪೀಪಾಯಿಯ ಪಕ್ಕ ಸ್ಟೂಲು ಹಾಕಿಕೊಂಡು ಕೂರುತ್ತಿದ್ದೆ. ಮೆಟ್ಟಿಲ ಕಡೆ ನೋಡುತ್ತಿದ್ದೆ. ಕಾಯುತ್ತಿದ್ದೇನೆ ಅಂತ ನನಗೇ ಗೊತ್ತಿರಲಿಲ್ಲ ಮಗಳೇ. ಆ ಹೊತ್ತಿಗೆ ಗಸಿ ತನ್ನ ಕೆಲಸ ಮಾಡಿಬಿಟ್ಟಿತು.

ನಿನ್ನ ಗೆಳತಿ ಕೇಳಿದ್ದು ಸರಿಯಾದ ಪ್ರಶ್ನೆಯೇ. ಅವಳಿಗೆ ಇದು ಯಾರ ವೈನ್ ಅಂತ ಹೇಳಬೇಡ. ತಿಳಿದರೆ ಅವಳು ನೊಂದುಕೊಳ್ಳುತ್ತಾಳೆ, ಆಮೇಲೆ ನನ್ನ ವೈನಿನ ಬಗ್ಗೆ ನಿಜ ಹೇಳುವುದನ್ನು ನಿಲ್ಲಿಸುತ್ತಾಳೆ. ಹಾಗೆ ಹೇಳುವವರು ಈಗ ನನಗೆ ಬೇಕು.

ಮುಂದಿನ ಮೇಳದವರೆಗೆ ತಡೆಯಿರಿ ಅಂತ ಕಾರ್ಖಾನೆಯವರಿಗೆ ಹೇಳಿದ್ದೇನೆ. ತಡೆಯುತ್ತಾರಂತೆ, ಅದಕ್ಕಿಂತ ಮುಂದೆ ಇಲ್ಲ.

ಅಪ್ಪ


ನವೆಂಬರ್ ೩

ಚಿನಕುರಳಿ,

ಸುಗ್ಗಿಯಲ್ಲಿ ನೀನು ಬಿಟ್ಟುಹೋದ ಬೂಟು ಇಲ್ಲೇ ಇದೆ, ಜೇಡ ಗೂಡು ಕಟ್ಟಿದೆ. ಈ ಸಲ ಎಲ್ಲ ದ್ರಾಕ್ಷಿಯನ್ನೂ ಉಳಿಸಿಕೊಂಡದ್ದರಿಂದ ಪೀಪಾಯಿಗಳನ್ನು ಇಡಲು ಜಾಗ ಸಾಲದೆ ನಿನ್ನ ಅತ್ತೆಯ ಹಳೇ ಸೆಲೂನ್ ಕುರ್ಚಿಯನ್ನು ಹೊರಗೆ ಹಾಕಿದೆ. ಅವಳು ಮಾತು ಬಿಟ್ಟಿದ್ದಾಳೆ. ಸಂಜೆಗೆ ಸರಿಹೋಗುತ್ತಾಳೆ.

ಇದರ ಜೊತೆ ಮೊದಲನೇ ಪೀಪಾ‌ಯಿಯಿಂದ ಸ್ವಲ್ಪ ಕಳಿಸಿದ್ದೇನೆ. ಹೇಳು.

ಅಪ್ಪ


ನವೆಂಬರ್ ೧೦

ಅಪ್ಪ,

ಕೆಮ್ಮಿನ ಔಷಧಿಯ ಬಾಟಲಿಯಲ್ಲಿ ವೈನ್ ಕಳಿಸಿದರೆ ಕೆಮ್ಮಿನ ಔಷಧಿಯ ವಾಸನೆಯೇ ಬರುವುದು. ಬಾಟಲಿ ಕುದಿಸಿ ಮತ್ತೆ ಕಳಿಸು. ಲ್ಯಾಬಿನಲ್ಲಿ ಬೆಳಗ್ಗೆ ಬೆಳಗ್ಗೆ ಬಿರಡೆ ತೆಗೆದು ಮೂಸುತ್ತಾ ನಿಂತಿದ್ದೆ, ಯಜಮಾನರು ನೋಡಿಬಿಟ್ಟರು, ಮಧ್ಯಾಹ್ನ ನನ್ನ ಮೇಜಿನಿಂದ ಡ್ರಿಲ್ಲಿಂಗ್ ಮೆಷಿನ್ ತೆಗೆಸಿಬಿಟ್ಟರು.

ನಿನ್ನ ಚಿನಕುರಳಿ


ನವೆಂಬರ್ ೨೦

ಅಪ್ಪ,

ಈ ಸಲ ಬಾಟಲಿ ಸರಿಯಿದೆ. ವೈನ್ ಇನ್ನೂ ಇಲ್ಲ. ಒಂದು ವಾರ ಬಿಟ್ಟು ಕಳಿಸು. ಸ್ಟೂಲಿನ ಮೇಲೆ ಕೂರಬೇಡ.

ಚಿನಕುರಳಿ


ನವೆಂಬರ್ ೩೦

ಸಾಕು ಅಪ್ಪ. ಇಳಿಸು.


ಮೇ ೧೧

ಪ್ರೀತಿಯ ಅಪ್ಪ,

ಮೇಳದಿಂದ ಈಗಷ್ಟೇ ಬಂದೆ. ಶೂ ಕೂಡ ಬಿಚ್ಚಿಲ್ಲ, ಬರೆಯುತ್ತಿದ್ದೇನೆ. ನೀನು ಬಾಗಿಲಲ್ಲೇ ನಿಂತು ಅಂಚೆಯವನ ದಾರಿ ಕಾಯುತ್ತಿರುತ್ತೀಯ ಅಂತ ಅತ್ತೆ ಹೇಳಿದಳು. ಬಾ ಅಂದರೆ ಬರುವುದಿಲ್ಲ, ನಂಬರು ಹೇಳು ಅಂದರೆ ಹೇಳುವುದಿಲ್ಲ. ಎಂಥ ಹಟ ನಿನ್ನದು!

ಕೆಟ್ಟ ಸುದ್ದಿ ಮೊದಲು. ಬಹುಮಾನ ಬಂದಿಲ್ಲ. ಬಿರಡೆ ತುಂಬಿ ಚೆಲ್ಲಿದ್ದು ಯಾರೋ ಅಣ್ಣತಮ್ಮಂದಿರ ಬಿಳಿ ವೈನಿನ ಜಾಡಿ. ನಿನ್ನದು ಅರ್ಧಕ್ಕಿಂತ ಸ್ವಲ್ಪ ಮೇಲಿತ್ತು. ನಾನು ಹಾಕಿದ್ದಲ್ಲ. ನನ್ನ ಬಿರಡೆ ಇಗೋ ಜೇಬಿನಲ್ಲೇ ಇದೆ. ನಿನ್ನ ವೈನಿಗೆ ನಾನು ಬಿರಡೆ ಹಾಕುವುದು ಸರಿಯಲ್ಲ ಅನ್ನಿಸಿತು. ಕಾರ್ಖಾನೆಯವರಿಗೆ ಏನು ಹೇಳಬೇಕು ಅನ್ನುವುದನ್ನು ಇದನ್ನು ಪೂರ್ತಿ ಓದಿದ ಮೇಲೆ ನೀನೇ ತೀರ್ಮಾನ ಮಾಡು.

ಮೂವರೂ ಹೋಗಿದ್ದೆವು. ನಾನು ಅವರಿಗೆ ಇವತ್ತಿನವರೆಗೂ ಏನೂ ಹೇಳಿಲ್ಲ, ಕಾಲುಚೀಲ ಬಿಚ್ಚುವ ಮೊದಲೇ ಇಬ್ಬರನ್ನೂ ಮನೆಗೆ ಅಟ್ಟಿದ್ದೆ. ಮೇಷ್ಟ್ರು ಈ ವರ್ಷ ಮನೆಯ ಬಚ್ಚಲಲ್ಲಿ ಉಗುಳುವುದನ್ನು ಪ್ರಾಕ್ಟೀಸ್ ಮಾಡಿಕೊಂಡು ಬಂದಿದ್ದರು. ದೂರದಿಂದ ಗುರಿಯಿಟ್ಟು ಉಗುಳಿದರು, ಬಕೆಟ್ಟಿಗಿಂತ ಡ್ರೈವರಮ್ಮನ ಚಪ್ಪಲಿಗೆ ಹೆಚ್ಚು ಬಿತ್ತು. ಏಳನೇ ನಂಬರು ಬಂದಾಗ ಡ್ರೈವರಮ್ಮ ಮೊದಲೇ ಮೂಗು ಮುಚ್ಚಿಕೊಂಡಳು. ಅದು ಬೇರೆ ಯಾರದೋ, ಏನೂ ಆಗಲಿಲ್ಲ. ನಾನು ಮಾತ್ರ ಪ್ರತಿ ಲೋಟವನ್ನೂ ನಿನ್ನದಿರಬಹುದೇ ಅಂತ ಮೂಸುತ್ತಿದ್ದೆ. ಎಂಟು, ಅಲ್ಲ. ಒಂಬತ್ತು, ಅಲ್ಲ. ಹತ್ತನೆಯದು ಸಪ್ಪೆ. ಅದು ನಿನ್ನದಾಗಿದ್ದರೆ ಏನು ಬರೆಯಲಿ ಅಂತ ಅಲ್ಲೇ ವಾಕ್ಯ ಹುಡುಕುತ್ತಾ ನಿಂತಿದ್ದೆ.

ಹನ್ನೊಂದನೆಯದನ್ನು ಮೂಗಿನ ಹತ್ತಿರ ತಂದೆ. ನೆಲ ತೊಳೆದ ಹಿಂಡುವ ಕೋಣೆ. ನಾಣ್ಯ ಗೀಣ್ಯ ಏನೂ ಬೇಕಾಗಲಿಲ್ಲ.

ನಾನು ಮುಖದಲ್ಲಿ ಏನೂ ತೋರಿಸಲಿಲ್ಲ. ಬಗ್ಗಿ ಶೂ ದಾರ ಕಟ್ಟಿಕೊಳ್ಳುವವಳ ಹಾಗೆ ಕೆಳಗೆ ಕೂತೆ. ಅಲ್ಲಿಂದಲೇ ಡ್ರೈವರಮ್ಮನನ್ನು ನೋಡುತ್ತಿದ್ದೆ. ಮೂಸಿದಳು. ಬಾಯಲ್ಲಿ ಹೊರಳಿಸಿದಳು. ಸಂಜೆ ಡ್ಯೂಟಿ ಇಲ್ಲದಿದ್ದರೂ ಇವತ್ತಿಡೀ ಬಕೆಟ್ಟಿಗೇ ಉಗುಳುತ್ತಿದ್ದವಳು, ಇದನ್ನು ನುಂಗಿದಳು. ಒದ್ದೆ ಕಲ್ಲು ಅಂತ ಮೇಷ್ಟ್ರು ಶುರು ಮಾಡುವುದರಲ್ಲಿದ್ದರು, ಸುಮ್ಮನಿರಿ ಅಂತ ಕೈ ತೋರಿಸಿದಳು. ಆಮೇಲೆ, ಅಪ್ಪ, ಒಂದು ಮಾತೂ ಆಡದೆ ಖಾಲಿ ಲೋಟವನ್ನು ಮತ್ತೆ ಮೇಜಿನ ಹಿಂದಿನವಳ ಮುಂದೆ ಹಿಡಿದಳು.

ನಾನು ಅವಳಿಗೆ ಅಮ್ಮನ ಲೋಟದ ಕಥೆ ಯಾವತ್ತೂ ಹೇಳಿದವಳಲ್ಲ, ನಿನ್ನಾಣೆ.

ಎರಡನೆಯದನ್ನೂ ಕುಡಿದು, ಕೆಳಗೆ ಕೂತಿದ್ದ ನನ್ನ ತಲೆಯ ಮೇಲೆ ಮೊಟಕಿದಳು. "ಹೋದ ವರ್ಷದ ಆ ಮೊಟ್ಟೆ ಮಹಾರಾಯ ನೆನಪಿದಾನೇನೇ? ಬಂದು ಇವನ ಹತ್ರ ಕಲೀಬೇಕು. ಇದನ್ನ ಮಾಡಿದೋನಿಗೆ ಹೆಂಡ್ತಿ ಇದಾಳೆ ನೋಡು" ಅಂದಳು.

"ಹೂಂ ಕಣೇ," ಅಂದೆ. "ಇದಾಳೆ."

ನಿನ್ನ ಚಿನಕುರಳಿ